ಮುದ್ದಮ್ಮ ಟೀಚರು ಫೇಲು ಮಾಡಿದ ಹುಡುಗಿಯರು

ಟಿ. ನರಸೀಪುರದ ಸುತ್ತಮುತ್ತ ಎಸ್ಸೆಸ್ಸೆಲ್ಸಿ ಪಾಸು ಮಾಡುವುದು ಸುಲಭ, ಮುದ್ದಮ್ಮ ಟೀಚರ ಹತ್ತಿರ ಹೊಲಿಗೆ ಪಾಸು ಮಾಡುವುದೇ ಕಷ್ಟ ಎಂದು ಗಂಡಸರು ಟೀ ಅಂಗಡಿಗಳಲ್ಲಿ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವುದಕ್ಕೆ ಕಾರಣವೂ ಇತ್ತು. ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಆರು ತಿಂಗಳ ಹೊಲಿಗೆ ತರಬೇತಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಒಳಗೆ ಹೋದ ಹುಡುಗಿ ಸರ್ಟಿಫಿಕೇಟು ಹಿಡಿದು ಹೊರಗೆ ಬರುವ ಹೊತ್ತಿಗೆ ಎರಡು ಯುಗಾದಿ ಕಳೆದುಹೋಗಿರುತ್ತಿದ್ದವು.

ಪ್ರತಿ ತಿಂಗಳ ಕಡೆಯ ಶನಿವಾರ ಪರೀಕ್ಷೆ. ಹುಡುಗಿ ಒಂದು ರವಿಕೆ ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ ಟೀಚರ ಮೇಜಿನ ಮೇಲೆ ಇಡಬೇಕು. ಮುದ್ದಮ್ಮ ಕನ್ನಡಕ ಸರಿಮಾಡಿಕೊಂಡು ರವಿಕೆಯನ್ನು ಒಳಗುಹೊರಗು ಮಾಡಿ, ಬೆಳಕಿಗೆ ಹಿಡಿದು, ಬೆರಳಿನಲ್ಲಿ ಹೊಲಿಗೆಯ ಉದ್ದಕ್ಕೂ ಸವರುತ್ತಿದ್ದಳು. ಆಮೇಲೆ ಒಂದೇ ಮಾತು: “ಕಂಕುಳು ಎಳೀತಾ ಅದೆ ಕಣವ್ವ. ಬಿಚ್ಚು.” ಕಂಕುಳು ಸರಿಯಿದ್ದರೆ ಕತ್ತಿನ ಪಟ್ಟಿ ತಿರುಚಿಕೊಂಡಿರುತ್ತಿತ್ತು. ಕತ್ತೂ ಸರಿಯಿದ್ದರೆ ಹುಕ್ಕಿನ ಪಟ್ಟಿಯಲ್ಲಿ ಏನೋ ಒಂದು. ಹುಡುಗಿಯರು ಮೂಗು ಒರೆಸಿಕೊಂಡು ಬಿಚ್ಚುತ್ತಿದ್ದರು. ನೋಡುವ ಕಣ್ಣಿಗೆ ಆ ರವಿಕೆಗಳಲ್ಲಿ ಒಂದು ಕುಂದೂ ಕಾಣುತ್ತಿರಲಿಲ್ಲ, ಆದರೆ ಟೀಚರ ಕಣ್ಣಿನ ಮೇಲೆ ಅನುಮಾನ ಪಡುವ ಧೈರ್ಯ ಯಾರಿಗಿತ್ತು?

ಮುದ್ದಮ್ಮನ ಊರು ಬದನವಾಳು. ಚಿಕ್ಕಂದಿನಲ್ಲಿ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದವಳು. ಎಳೆ ಎಲ್ಲಿ ದಪ್ಪವಾಯಿತು ಎಲ್ಲಿ ತೆಳುವಾಯಿತು ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳಂತೆ. ಹದಿನಾಲ್ಕಕ್ಕೆ ಮದುವೆಯಾಯಿತು. ಗಂಡ ಮಹದೇವಯ್ಯ ನಾಲೆಯ ಮೇಲೆ ನೀರು ಬಿಡುವ ಕೆಲಸದವನು, ಮಾತು ಕಡಿಮೆ, ಒಳ್ಳೆಯವನು. ಮೂವತ್ತು ದಾಟಿದ ಮೇಲೆ ಮುದ್ದಮ್ಮ ನಂಜನಗೂಡಿಗೆ ಬಸ್ಸಿನಲ್ಲಿ ಹೋಗಿಬಂದು ಹೊಲಿಗೆ ಕಲಿತಳು. ಅಲ್ಲಿ ನಿವೃತ್ತ ಮೇಷ್ಟ್ರು ಮಾದಯ್ಯನವರು ‘ಎಳೆಬಿಸಿಲು’ ಎಂಬ ಸೇವಾಸಂಸ್ಥೆ ಕಟ್ಟಿದ್ದರು. ತೊಂಬತ್ತೆರಡರಲ್ಲಿ ಅವರು ನರಸೀಪುರದ ಅಕ್ಕಿ ಗೋಡೌನಿನ ಮಹಡಿಯನ್ನು ಬಾಡಿಗೆಗೆ ಹಿಡಿದು, ಕಾಲಲ್ಲಿ ತುಳಿಯುವ ಏಳು ಮಿಷನ್ನು ಇಡಿಸಿ, ಮುದ್ದಮ್ಮನನ್ನು ಟೀಚರು ಮಾಡಿದರು.

ಹತ್ತು ವರ್ಷ ಯಾರೂ ಏನೂ ಕೇಳಲಿಲ್ಲ. ವರ್ಷಕ್ಕೊಮ್ಮೆ ಮಾದಯ್ಯನವರು ವರದಿ ಬರೆಯುತ್ತಿದ್ದರು: ಮಿಷನ್ನು ಏಳು, ಸೇರಿದವರು ಇಷ್ಟು, ಪಾಸಾದವರು ಇಷ್ಟು, ಜೊತೆಗೆ ಒಂದು ಫೋಟೋ. ನೆರವು ಕೊಡುವ ಬೆಂಗಳೂರಿನ ಟ್ರಸ್ಟಿನವರು ಅದನ್ನು ಓದಿ, ಅಥವಾ ಓದದೆ, ಮುಂದಿನ ವರ್ಷಕ್ಕೂ ಒಪ್ಪಿಗೆ ಕಳಿಸುತ್ತಿದ್ದರು. ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಮಾತ್ರ ಬೇರೆ ತರಹದ ಕಾಗದ ಬಂತು. ಎಷ್ಟು ಜನಕ್ಕೆ ಕಲಿಸಿದಿರಿ ಎಂಬುದು ನಮಗೆ ಗೊತ್ತಿದೆ, ಕಲಿಸಿದ್ದರಿಂದ ಅವರ ಬದುಕಿನಲ್ಲಿ ಏನು ಬದಲಾಯಿತು ಎಂಬುದನ್ನು ಅಳೆದು ತಿಳಿಸಿ. ಅದರ ಮೇಲೆ ನರಸೀಪುರದ ಕೇಂದ್ರ ಇರಬೇಕೋ ಬೇಡವೋ ನಿರ್ಧರಿಸುತ್ತೇವೆ ಎಂದಿತ್ತು.

ಮಾದಯ್ಯನವರು ಕಾಗದವನ್ನು ಮೂರು ಸಲ ಓದಿದರು. “ಬದುಕನ್ನ ಅಳೀಬೇಕಂತೆ ಮುದ್ದಮ್ಮ,” ಎಂದರು. “ಯಾವ ಟೇಪ್ ತಕ್ಕೊಂಡು ಅಳೆಯೋದು?”

ಅಳೆಯುವುದಕ್ಕೆಂದು ಮೈಸೂರಿನಿಂದ ಶಿವಾನಿ ಬಂದಳು. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದ, ಇಪ್ಪತ್ತನಾಲ್ಕರ, ಚುರುಕು ಹುಡುಗಿ. ಸಂಸ್ಥೆ ಅವಳನ್ನು ಮೂರು ತಿಂಗಳಿಗೆ ನೇಮಿಸಿಕೊಂಡಿತ್ತು. ಮೊದಲ ದಿನವೇ ಅವಳು ಕೇಳಿದ್ದು: “ಮೇಡಂ, ಈ ಕೇಂದ್ರ ಶುರು ಮಾಡಿದಾಗ ಏನಾಗಲಿ ಅಂತ ಆಸೆ ಇತ್ತು ನಿಮಗೆ?”

“ಉಡ್ಗೀರು ಒಲಿಗೆ ಕಲೀಲಿ ಅಂತ,” ಎಂದಳು ಮುದ್ದಮ್ಮ. ಇದೆಂಥ ಪ್ರಶ್ನೆ ಎನ್ನಿಸಿತು.

“ಕಲಿತ ಮೇಲೆ?”

“ಕಲ್ತ ಮ್ಯಾಲೆ ಒಲೀಲಿ ಅಂತ.”

“ಹಾಗಾದರೆ ಹೊಲೀತಾ ಇದ್ದಾರಾ ನೋಡೋಣ ಬನ್ನಿ,” ಎಂದು ಶಿವಾನಿ ರಿಜಿಸ್ಟರು ಬಿಚ್ಚಿದಳು. ಹತ್ತು ವರ್ಷದಲ್ಲಿ ಪಾಸಾದ ನೂರ ಎಂಬತ್ತಾರು ಹೆಸರುಗಳಲ್ಲಿ ಮೂರಕ್ಕೊಂದರಂತೆ ಆರಿಸಿದಳು. ಆ ಪಟ್ಟಿಯ ಮೊದಲ ಹೆಸರಿನ ಮೇಲೆ ಮುದ್ದಮ್ಮ ಬೆರಳಿಟ್ಟಳು. ಪವಿತ್ರ, ತಂದೆ ಚೆಲುವಯ್ಯ, ಮೂಗೂರು.

“ಈ ಉಡ್ಗಿ ಬ್ಯಾಡ ಕಣವ್ವ. ಮದ್ವೆಯಾಗಿ ಬಿಳಿಗೆರೆ ಕಡೀಕೆ ಓದ್ಲು, ದೂರ.”

“ದೂರ ಇದ್ದವರನ್ನ ಬಿಟ್ಟರೆ ಅಳತೆ ಸರಿ ಬರಲ್ಲ ಮೇಡಂ. ಕೊನೆಗೆ ಹೋಗೋಣ ಬಿಡಿ,” ಎಂದಳು ಶಿವಾನಿ.

ಸುತ್ತಾಟ ಶುರುವಾಯಿತು. ದಾರಿ ತೋರಿಸಲು ಟೀಚರು ಜೊತೆಗೆ ಹೋದದ್ದೇ ಮೊದಲ ತಪ್ಪಾಯಿತು. ಮುದ್ದಮ್ಮ ಹೊಸ್ತಿಲಲ್ಲಿ ಕಂಡರೆ ಸಾಕು, ಎರಡು ಮಕ್ಕಳ ತಾಯಿಯೂ ಕೈಲಿದ್ದ ಮೊರ ಬಿಟ್ಟು ಎದ್ದು ನಿಲ್ಲುತ್ತಿದ್ದಳು. “ತರಬೇತಿಯಿಂದ ನಿಮಗೆ ಏನು ಉಪಯೋಗ ಆಯ್ತು?” ಎಂದು ಶಿವಾನಿ ಕೇಳಿದರೆ ಅದು ಬಾಯಿಪಾಠದ ಪರೀಕ್ಷೆ ಎಂದೇ ತಿಳಿದು, “ಎದೆ ಸುತ್ತಳತೆ ನಾಕ್ರಲ್ಲಿ ಒಂದ್ಪಾಲು ತಕ್ಕೊಂಡು ಅದುಕ್ಕೆ ಒಂದೂವರೆ ಇಂಚು ಸೇರಿಸ್ಬೇಕು. ತೋಳಿನ ಮಡಿಕೆಗೆ ಒಂದಿಂಚು ಬಿಡ್ಬೇಕು,” ಎಂದು ಗೋಡೆ ನೋಡಿಕೊಂಡು ಒಪ್ಪಿಸುತ್ತಿದ್ದರು. ಒಬ್ಬಳಂತೂ ತಪ್ಪು ಹೇಳಿ, ನಾಲಿಗೆ ಕಚ್ಚಿಕೊಂಡು, ಮೊದಲಿನಿಂದ ಹೇಳಿದಳು. ಎಂಟು ಮನೆ ಮುಗಿದ ಮೇಲೆ ಶಿವಾನಿ ನಕ್ಕು ನಕ್ಕು ಸುಸ್ತಾಗಿ, “ಮೇಡಂ, ನೀವು ಬಸ್ ಸ್ಟಾಂಡಿನಲ್ಲೇ ಕೂತಿರಿ,” ಎಂದಳು.

ಎರಡನೆಯ ತಪ್ಪು ಶಿವಾನಿಯದೇ. ಹೊಲಿದು ಎಷ್ಟು ಸಂಪಾದಿಸುತ್ತೀರಿ ಎಂದು ಅತ್ತೆಯ ಎದುರಿಗೇ ಕೇಳುತ್ತಿದ್ದಳು. ಯಾವ ಸೊಸೆ ಬಾಯಿ ಬಿಡುತ್ತಾಳೆ? ಆಮೇಲೆ ಜಾಣತನ ಬಂತು. ನೀರು ತರಲು ಹೊರಟವರ ಜೊತೆ ನಲ್ಲಿಯವರೆಗೂ ನಡೆದುಹೋಗಿ ದಾರಿಯಲ್ಲಿ ಕೇಳತೊಡಗಿದಳು. ಆಗ ನಿಜ ಬಂತು, ಆದರೆ ಬಂದ ನಿಜ ಚೆನ್ನಾಗಿರಲಿಲ್ಲ. ಪವಿತ್ರಳನ್ನು ಬಿಟ್ಟು ಉಳಿದ ಅರವತ್ತೊಂದು ಜನರಲ್ಲಿ ದುಡ್ಡಿಗೆ ಹೊಲಿಯುತ್ತಿದ್ದವರು ಎಂಟು ಮಂದಿ. ಉಳಿದವರ ಮಿಷನ್ನಿನ ಮೇಲೆ ಎಲ್ಲೋ ಟಿವಿ ಕೂತಿತ್ತು, ಎಲ್ಲೋ ರಾಗಿ ಮೂಟೆ.

ಈ ಲೆಕ್ಕ ಕೇಳಿ ಮುದ್ದಮ್ಮ ಕುಗ್ಗಿಹೋದಳು. ಹತ್ತು ವರ್ಷ ತುಳಿದದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತೇ ಎಂದು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಇನ್ನೊಂದು ಪೆಟ್ಟು ಕಾದಿತ್ತು. ಆರು ತಿಂಗಳ ತರಬೇತಿಗೆ ಹದಿನೆಂಟು ತಿಂಗಳು, ಇಪ್ಪತ್ತು ತಿಂಗಳು ಏಕೆ ಎಂದು ಟ್ರಸ್ಟಿನವರು ಪ್ರತ್ಯೇಕವಾಗಿ ಕೇಳಿದ್ದರು. ಕಲಿಸುವವರಿಗೆ ಕಲಿಸಲು ಬರುವುದಿಲ್ಲ ಎಂದು ಬರೆಯದೆ ಬೇರೆ ದಾರಿಯಿಲ್ಲದ ಹಾಗಿತ್ತು ರಿಜಿಸ್ಟರು.

ಮಾರನೆಯ ದಿನ ಮಧ್ಯಾಹ್ನ, ಹುಡುಗಿಯರು ಊಟಕ್ಕೆ ಹೋಗಿದ್ದಾಗ, ಶಿವಾನಿ ಹಳೆಯ ಅರ್ಜಿಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದಳು. ಪ್ರತಿ ಅರ್ಜಿಗೂ ಶಾಲೆಯ ಟಿ.ಸಿ. ಲಗತ್ತಾಗಿತ್ತು, ಅದರಲ್ಲಿ ಹುಟ್ಟಿದ ತಾರೀಕು. ಅವಳು ಪಾಸಾದ ತಾರೀಕಿನ ಪಕ್ಕದಲ್ಲಿ ಹುಟ್ಟಿದ ತಾರೀಕು ಬರೆಯುತ್ತ ಹೋದಳು. ಇಪ್ಪತ್ತು ಹೆಸರು ಬರೆದ ಮೇಲೆ ಪೆನ್ನು ಕೆಳಗಿಟ್ಟಳು.

“ಮೇಡಂ, ಇಲ್ಲಿ ನೋಡಿ. ಹದಿನೈದಕ್ಕೆ ಸೇರಿದವಳು ಮೂರು ವರ್ಷ ತಕ್ಕೊಂಡಿದ್ದಾಳೆ. ಹದಿನೇಳಕ್ಕೆ ಸೇರಿದವಳು ಒಂದು ವರ್ಷ. ಹತ್ತೊಂಬತ್ತಕ್ಕೆ ಸೇರಿದವಳು ಐದೇ ತಿಂಗಳಿಗೆ ಪಾಸು. ಚಿಕ್ಕ ವಯಸ್ಸಿಗೆ ಸೇರಿದವರೆಲ್ಲ, ಮೊದಲನೆಯ ಪವಿತ್ರ ಒಬ್ಬಳನ್ನ ಬಿಟ್ಟು, ಹದಿನೆಂಟು ತುಂಬಿದ ತಿಂಗಳೇ ರವಿಕೆ ಸರಿಯಾಗಿ ಹೊಲಿದಿದ್ದಾರೆ.”

ಮುದ್ದಮ್ಮ ಕೈಯಲ್ಲಿದ್ದ ಟೇಪನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ನೀವೇ ಬೇಕೂಂತ ಫೇಲ್ ಮಾಡ್ತೀರ?”

“ಊ,” ಎಂದಳು ಮುದ್ದಮ್ಮ. ಹತ್ತು ವರ್ಷದಲ್ಲಿ ಗಂಡನಿಗೂ ಹೇಳದಿದ್ದ ಮಾತು ಅದು.

ಆಮೇಲೆ ಅವಳೇ ಹೇಳಿದಳು. ಮೊದಲ ತಂಡದಲ್ಲಿ ಪವಿತ್ರ ಎಂಬ ಹುಡುಗಿ ಇದ್ದಳು. ಕತ್ತರಿ ಹಿಡಿದರೆ ಬಟ್ಟೆ ತಾನಾಗಿ ದಾರಿ ಬಿಡುತ್ತಿತ್ತು, ಅಂಥ ಕೈ. ನಾಲ್ಕೇ ತಿಂಗಳಿಗೆ ಎಲ್ಲ ಕಲಿತಳು. ಹೆಮ್ಮೆ ತಡೆಯಲಾರದೆ ಮುದ್ದಮ್ಮ ಸರ್ಟಿಫಿಕೇಟು ಬರೆಸಿ, ತಾನೇ ಬಸ್ಸು ಹತ್ತಿ ಮೂಗೂರಿಗೆ ಹೋಗಿ, ಅವಳ ಅಪ್ಪ ಚೆಲುವಯ್ಯನ ಕೈಗೆ ಕೊಟ್ಟು ಬಂದಳು. ಗಂಡಿನ ಕಡೆಯವರು ಕಾಯುತ್ತಿದ್ದದ್ದೇ ಅದಕ್ಕೆ. ಸರ್ಟಿಫಿಕೇಟು ಇದ್ದ ಹುಡುಗಿಗೆ ಸರ್ಕಾರದಿಂದ ಮಿಷನ್ನು ಸಿಗುತ್ತಿತ್ತು. ಮಿಷನ್ನು ತರುವ ಸೊಸೆ ಎಂದರೆ ಬೀಗರಿಗೂ ಒಂದು ತೂಕ. ಮುಂದಿನ ತಿಂಗಳು ಮದುವೆ. ಪವಿತ್ರಳಿಗೆ ಆಗ ಹದಿನೈದೂವರೆ. ಮುಂದಿನ ವರ್ಷ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ, ಅವಳೂ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದಳು.

“ಸಟೀಪಿಕೇಟ್ ಕೊಟ್ಟಿದ್ದು ಈ ಕೈಯಿ ಕಣವ್ವ. ಇನ್ನೂ ಸಣ್ಣೋಳು ಅಂತ ಅಪ್ಪಂದ್ರುಗೆ ಏಳಿ ನೋಡ್ದೆ, ಯಾರ್ ಕೇಳ್ತಾರೆ? ಇನ್ನೂ ರವ್ಕೆ ಬಂದಿಲ್ಲ ಅಂದ್ರೆ ಮಾತ್ರ ಕೇಳ್ತಾರೆ. ಅರ್ದುಕ್ಕೆ ಬುಟ್ರೆ ಮಿಷನ್ ಬರಕ್ಕಿಲ್ಲ, ಅದುಕ್ಕೆ ಕಾಯ್ತಾರೆ.”

ಶಿವಾನಿಯ ಕಣ್ಣು ಅರಳಿತು. “ಮೇಡಂ, ನಾವು ಅಳೀತಾ ಇದ್ದದ್ದೇ ತಪ್ಪು! ಈ ಕೇಂದ್ರ ಮಾಡಿರೋ ಕೆಲಸ ಹೊಲಿಗೆ ಅಲ್ಲ, ಇದು. ಇದನ್ನ ಬರೆದರೆ ಟ್ರಸ್ಟಿನೋರು ಕೇಂದ್ರ ಮುಚ್ಚೋ ಮಾತೇ ಇಲ್ಲ.”

“ಬರದ್ರೆ ನಾನೇ ಮುಚ್ಚಬೇಕಾಯ್ತದೆ,” ಎಂದಳು ಮುದ್ದಮ್ಮ. ಮಾದಯ್ಯನವರದು ಒಂದು ಪದ್ಧತಿ: ಯಾವ ವರದಿಯನ್ನೂ ಬೆಂಗಳೂರಿಗೆ ಕಳಿಸುವ ಮುಂಚೆ ವಾರ್ಷಿಕ ಸಭೆಯಲ್ಲಿ ಊರಿನವರ ಮುಂದೆ ಓದಲೇಬೇಕು; ಬೆನ್ನ ಹಿಂದೆ ಬರೆಯಬಾರದು ಎಂದು ಅವರ ಹಟ. ಸಭೆಗೆ ಹುಡುಗಿಯರ ಅಪ್ಪಂದಿರೆಲ್ಲ ಬರುತ್ತಿದ್ದರು. ಟೀಚರು ಬೇಕೆಂದೇ ಫೇಲು ಮಾಡುತ್ತಾಳೆ ಎಂದು ಅವರಿಗೆ ಗೊತ್ತಾದರೆ ಮರುದಿನ ಒಂದು ಮಿಷನ್ನಿನ ಮುಂದೆಯೂ ಹುಡುಗಿ ಇರುವುದಿಲ್ಲ. ಆಗ ಕಲಿಯುತ್ತಿದ್ದವರಲ್ಲಿ ಪುಟ್ಟಬಸಮ್ಮ ಎಂಬುವಳಿಗೆ ಹದಿನಾರು ವರ್ಷ. ಗಂಡು ನೋಡಿಟ್ಟಿದ್ದರು. ಅವಳ ಅಪ್ಪ ಸಿದ್ದಮಲ್ಲಪ್ಪ ಪ್ರತಿ ಸೋಮವಾರ ಸೈಕಲ್ಲು ನಿಲ್ಲಿಸಿ, “ಏನ್ ಟೀಚ್ರೇ, ಇನ್ನೂ ಬಂದಿಲ್ವಾ ನಮ್ ಉಡ್ಗೀಗೆ?” ಎಂದು ಕೇಳಿಕೊಂಡು ಹೋಗುತ್ತಿದ್ದ.

ಬರೆದರೆ ಪುಟ್ಟಬಸಮ್ಮ ಹೋಗುತ್ತಾಳೆ. ಬರೆಯದಿದ್ದರೆ ಕೇಂದ್ರ ಮುಚ್ಚುತ್ತದೆ, ಆಗಲೂ ಪುಟ್ಟಬಸಮ್ಮ ಹೋಗುತ್ತಾಳೆ. ಮುದ್ದಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಶಿವಾನಿ ಕೈಕಟ್ಟಿ ಕೂರಲಿಲ್ಲ. ಬರೆಯುವುದು ಆಮೇಲಿನ ಮಾತು, ಮೊದಲು ಇದು ನಿಜವೋ ಅಲ್ಲವೋ ನೋಡಬೇಕು ಎಂದಳು. ಕಾಲವೇ ಬದಲಾಗಿ ಎಲ್ಲರ ಮದುವೆಯೂ ತಡವಾಗುತ್ತಿದ್ದರೆ ಅದರಲ್ಲಿ ಟೀಚರ ಹೆಚ್ಚುಗಾರಿಕೆ ಏನು? ಅದಕ್ಕೆ ಒಂದು ಉಪಾಯ ಹುಡುಕಿದಳು. ಒಂದೇ ಮನೆ, ಒಂದೇ ಅಪ್ಪ, ಒಂದೇ ಬಡತನ. ಹೊಲಿಗೆಗೆ ಬಂದ ಹುಡುಗಿಯ ಪಕ್ಕದಲ್ಲಿ ಹೊಲಿಗೆಗೆ ಬಾರದ ಅವಳ ಅಕ್ಕನನ್ನೋ ತಂಗಿಯನ್ನೋ ಇಟ್ಟು ನೋಡಿದರಾಯಿತು. ಅರವತ್ತೊಂದು ಜನರನ್ನೂ, ಅರ್ಧಕ್ಕೇ ಬಿಟ್ಟುಹೋದ ಹುಡುಗಿಯರನ್ನೂ ಮತ್ತೆ ಹುಡುಕಿಕೊಂಡು ಹೋದಳು. ಈ ಸಲ ಪ್ರಶ್ನೆ ಒಂದೇ: ನಿಮಗೆ ಮದುವೆಯಾದಾಗ ಎಷ್ಟು ವಯಸ್ಸು, ನಿಮ್ಮ ಅಕ್ಕತಂಗಿಯರಿಗೆ ಎಷ್ಟು? ಇದಕ್ಕೆ ಅತ್ತೆಯರ ಎದುರಿಗೂ ಉತ್ತರ ಬಂತು. ಹೊಲಿಗೆಗೆ ಬಾರದ ಅಕ್ಕತಂಗಿಯರು ಹೆಚ್ಚುಕಡಿಮೆ ಹದಿನಾರಕ್ಕೆ, ಬಂದವರು, ಅರ್ಧಕ್ಕೆ ಬಿಟ್ಟುಹೋದವರೂ ಸೇರಿ, ಹತ್ತೊಂಬತ್ತಕ್ಕೆ ಮದುವೆಯಾಗಿದ್ದರು. ಮೂರು ವರ್ಷದ ಅಂತರ. ಮುದ್ದಮ್ಮ ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಸಂತೋಷವಾಯಿತು, ನಿಜ. ಆದರೆ ಪಟ್ಟಿಯಲ್ಲಿ ಇನ್ನೂ ಒಂದು ಹೆಸರು ಉಳಿದಿತ್ತು.

ಬಿಳಿಗೆರೆಯಲ್ಲಿ ಬಸ್ಸಿಳಿದು ಮೈಲಿ ದೂರ ನಡೆಯಬೇಕು. ಈ ಸಲ ಮುದ್ದಮ್ಮ ಬಸ್ ಸ್ಟಾಂಡಿನಲ್ಲಿ ಕೂರಲು ಒಪ್ಪಲಿಲ್ಲ. ಒಂಬತ್ತು ವರ್ಷದಿಂದ ತಪ್ಪಿಸಿಕೊಂಡು ತಿರುಗಿದ್ದೇನೆ, ಇನ್ನು ಸಾಕು ಎಂದಳು. ಪವಿತ್ರ ಜಗಲಿಯ ಮೇಲೆ ಕೂತು ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಸಣಕಲು ಮೈ, ಕೈ ಮಾತ್ರ ಅದೇ ಕೈ. ಟೀಚರನ್ನು ಕಂಡವಳೇ ತುಳಿಯುವುದನ್ನು ನಿಲ್ಲಿಸಿ ಎದ್ದು, ಚಾಪೆ ಹಾಸಿ, ನೀರು ತಂದುಕೊಟ್ಟಳು.

ಶಿವಾನಿ ಪುಸ್ತಕ ಬಿಚ್ಚುವ ಮೊದಲೇ ಮುದ್ದಮ್ಮ ಬಾಯಿಬಿಟ್ಟಳು. “ನಿನ್ನ ಬಿರ್‍ರನೆ ಪಾಸ್ ಮಾಡ್ಬುಟ್ಟೆ ಕಣವ್ವ. ನಂದು ತಪ್ಪಾಯ್ತು. ಅವತ್ತು ನಂಗೆ ತಿಳೀನಿಲ್ಲ.”

ಪವಿತ್ರ ಸೆರಗಿನ ತುದಿಯಿಂದ ಮಿಷನ್ನಿನ ಮೇಲಿನ ದಾರದ ಚೂರುಗಳನ್ನು ಒರೆಸಿದಳು.

“ನಂಗೂ ಆಗ ತಿಳೀನಿಲ್ಲ ಟೀಚ್ರೇ. ಆಸ್ಪತ್ರೇಲಿ ಮಲ್ಗಿದ್ದಾಗ ತಿಳೀತು. ಇನ್ನೊಂದೆಲ್ಡು ವರ್ಷ ನಿಮ್ ತಾವೇ ಇದ್ದಿದ್ರೆ ಅಂತ ಎಷ್ಟ್ ಸಲ ಅಂದ್ಕೊಂಡಿವ್ನಿ.” ಆಮೇಲೆ ಸ್ವಲ್ಪ ನಕ್ಕಳು. “ನನ್ ತಂಗೀನ ಎಲ್ಡೂವರೆ ವರ್ಷ ಫೇಲ್ ಮಾಡುದ್ರಲ್ಲ, ಗ್ಯಾಪ್ಕ ಅದಾ?”

ಜ್ಞಾಪಕವಿಲ್ಲದೆ ಏನು? ಚೆಲುವಯ್ಯನ ಎರಡನೆಯ ಮಗಳು ಸೇರಲು ಬಂದ ದಿನ ರಿಜಿಸ್ಟರಿನಲ್ಲಿ ಅಪ್ಪನ ಹೆಸರು ಬರೆದು ಮುದ್ದಮ್ಮ ಹುಟ್ಟಿದ ತಾರೀಕನ್ನು ಎರಡು ಸಲ ಓದಿದ್ದಳು. ಎಲ್ಲರಿಗಿಂತ ಹೆಚ್ಚು ರವಿಕೆ ಬಿಚ್ಚಿದವಳು ಅವಳೇ.

“ಅವ್ಳ್‌ನ ನಿಮ್ ತಾವ ಕಳಿಸ್ದೋಳು ನಾನೇ,” ಎಂದಳು ಪವಿತ್ರ. “ಅಪ್ಪ ಮದ್ವೆ ಮಾತಾಡ್ತಾವ್ನೆ ಅಂತ ಅವ್ವ ಅಳ್ತಾ ಬಂದ್ಲು. ನನ್ ಜೊತೇಲಿದ್ದ ಸಣ್ಣೋರ್ ಯಾರ್ನೂ ಅದಿನೆಂಟಕ್ ಮುಂಚೆ ನೀವು ಪಾಸ್ ಮಾಡ್ನಿಲ್ಲ ಅಂತ ನೋಡಿದ್ದೆ. ಮುದ್ದಮ್ಮ ಟೀಚರ್ ತಾವ ಸೇರ್ಸವ್ವ, ಅದಿನೆಂಟು ಆಗಗಂಟ ಅವ್ರು ಬಿಡಕ್ಕಿಲ್ಲ ಅಂದೆ. ನಮ್ಮವ್ವ ಅವ್ರ್ ತಂಗೀಗೆ ಏಳುದ್ಲು, ಅವ್ರು ಅವ್ರ ನಾದಿನೀಗೆ ಏಳುದ್ರು. ಉಡ್ಗೀರು ಒಲಿಗೆ ಕಲೀಲಿ ಅಂತ ನಿಮ್ ತಾವ ಕಳಿಸ್ತಾರೆ ಅಂದ್ಕೊಂಡಿದ್ರಾ? ಸುತ್ತ ಅಳ್ಳೀಲಿ ಅವ್ವಂದ್ರುಗೆಲ್ಲ ಗೊತ್ತು ಟೀಚ್ರೇ. ಅಪ್ಪಂದ್ರುಗೆ ಗೊತ್ತಿಲ್ಲ, ಅಷ್ಟೇಯ.”

ಮುದ್ದಮ್ಮ ನೀರಿನ ಲೋಟ ಹಿಡಿದವಳು ಹಿಡಿದೇ ಇದ್ದಳು. ಹತ್ತು ವರ್ಷ ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದ ಗುಟ್ಟಿಗೆ ಇಷ್ಟು ಹೆಗಲುಗಳು ಕೂಡಿವೆ ಎಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಅಳು ಬಂತು. ತಡೆದುಕೊಳ್ಳಲೂ ಇಲ್ಲ.

ವರದಿಯ ಪೇಚಾಟವನ್ನು ಶಿವಾನಿ ಹೇಳಿದಾಗ ಪವಿತ್ರಳೇ ದಾರಿ ತೋರಿಸಿದಳು. “ವಯಸ್ಸು ಬರ್ಕೊಳಿ ಅಕ್ಕಾ. ನಂದು ಅದಿನೈದೂವರೆ, ಮರೀದಂಗೆ ಅದ್ನೂ ಬರೀರಿ. ತಂಗೀದು ಅತ್ತೊಂಬತ್ತು. ಎಂಗಾಯ್ತು ಅಂತ ಯಾಕೆ ಬರೀಬೇಕು?”

ಶಿವಾನಿ ಹಾಗೆಯೇ ಬರೆದಳು. ದುಡ್ಡಿಗೆ ಹೊಲಿಯುವವರು ಪವಿತ್ರ ಸೇರಿ ಒಂಬತ್ತೇ ಮಂದಿ ಎಂಬುದನ್ನು ಮುಚ್ಚಿಡಲಿಲ್ಲ. ಮೂರು ವರ್ಷದ ಅಂತರವನ್ನು ಹೆಸರಿಲ್ಲದ ಪಟ್ಟಿಯ ಸಮೇತ ಬರೆದಳು. ತರಬೇತಿ ಮುಗಿಯುವ ತನಕ ಮದುವೆ ಮುಂದೂಡುವುದು ಈ ಕಡೆಯ ಮನೆಗಳಲ್ಲಿ ರೂಢಿಯಾಗಿದೆ, ಆದ್ದರಿಂದ ಅವಧಿ ಆರು ತಿಂಗಳಿಗೆ ಇಳಿಸುವುದು ಬೇಡ ಎಂದು ಕೊನೆಗೆ ಸೇರಿಸಿದಳು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮಾದಯ್ಯನವರು ಓದಿ, ಕನ್ನಡಕದ ಮೇಲಿನಿಂದ ಮುದ್ದಮ್ಮನನ್ನು ಒಮ್ಮೆ ದಿಟ್ಟಿಸಿ, ಏನೂ ಕೇಳದೆ ಸಹಿ ಹಾಕಿದರು. ಮೇಷ್ಟ್ರಾಗಿದ್ದವರು, ಫೇಲು ಮಾಡುವ ಕಲೆ ಅವರಿಗೂ ಗೊತ್ತಿತ್ತು.

ವಾರ್ಷಿಕ ಸಭೆ ನಡೆದದ್ದು ಅದೇ ಗೋಡೌನಿನ ಅಂಗಳದಲ್ಲಿ. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಚಾಪೆಯ ಮೇಲೆ ಹೆಂಗಸರು. ಮಾದಯ್ಯನವರು ಗಂಟಲು ಸರಿಮಾಡಿಕೊಂಡು ಓದಿದರು. ಹದಿನಾರು, ಹತ್ತೊಂಬತ್ತು ಎಂಬಲ್ಲಿಗೆ ಬಂದಾಗ ಸಿದ್ದಮಲ್ಲಪ್ಪ ಎದ್ದು ನಿಂತ.

“ಸಾ, ಒಂದ್ ಮಾತು. ಒಲಿಗೆ ಕಲ್ತ್ರೆ ಮದ್ವೆ ಯಾಕ್ ತಡ ಆಯ್ತದೆ? ನನ್ ಮಗ್ಳು ಒಂದೂವರೆ ವರ್ಷದಿಂದ ಅದೇ ರವ್ಕೆ ಒಲೀತಾವ್ಳೆ. ಇದ್ರಾಗೆ ಏನೋ ಅದೆ.”

ಶಿವಾನಿ ತಲೆ ತಗ್ಗಿಸಿದಳು. ಗಂಡಸರೆಲ್ಲ ಟೀಚರ ಕಡೆ ತಿರುಗಿದರು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಸಿದ್ದಮಲ್ಲಪ್ಪನ ಹೆಂಡತಿ ಸಿದ್ದಲಿಂಗಮ್ಮ ಎದ್ದಳು. ಸಭೆಯಲ್ಲಿ ಎಂದೂ ಬಾಯಿ ತೆರೆದವಳಲ್ಲ.

“ನಿಮ್ಗೇನ್ ಗೊತ್ತಾಯ್ತದೆ ರವ್ಕೆ ಇಚಾರ? ನಾನು ನಿನ್ನೆ ಆಕೊಂಡು ನೋಡ್ದೆ, ತೋಳು ಏರಾಕಿಲ್ಲ. ಇನ್ನೂ ಎಲ್ಡು ವರ್ಷ ಬೇಕು ಅವ್ಳಿಗೆ. ಕೂತ್ಕಳಿ.”

“ಊ, ಬೇಕೇ ಬೇಕು,” ಎಂದಳು ಪಕ್ಕದವಳು. “ನಮ್ಮ ಉಡ್ಗೀದೂ ಅಂಗೇಯ, ಕತ್ತಿನ ಪಟ್ಟೀನೇ ಕೂರಾಕಿಲ್ಲ,” ಎಂದಳು ಹಿಂದಿನವಳು. ಅದರ ಹಿಂದಿನ ಸಾಲಿನಲ್ಲಿ ಇನ್ನೊಬ್ಬಳು, ಅವಳ ಪಕ್ಕದಲ್ಲಿ ಮತ್ತೊಬ್ಬಳು. ಮೂವತ್ತು ನಲವತ್ತು ತಾಯಂದಿರು ತಮ್ಮ ಹೆಣ್ಣುಮಕ್ಕಳ ಹೊಲಿಗೆಯನ್ನು ಬಾಯಿಗೆ ಬಂದಂತೆ ಬೈದರು. ಸಿದ್ದಮಲ್ಲಪ್ಪ ಸುತ್ತ ನೋಡಿ, ತಲೆ ಕೆರೆದುಕೊಂಡು ಕೂತ. ಮಾದಯ್ಯನವರು ಮುಂದಿನ ಪುಟ ತಿರುಗಿಸಿದರು.

ಮುದ್ದಮ್ಮ ಆ ಚಾಪೆಯ ಕಡೆ ನೋಡಿದಳು. ಒಬ್ಬಳೂ ಅವಳನ್ನು ನೋಡುತ್ತಿರಲಿಲ್ಲ; ಎಲ್ಲರೂ ವರದಿ ಕೇಳುವವರ ಹಾಗೆ ಗಂಭೀರವಾಗಿ ಮೇಷ್ಟ್ರ ಕಡೆ ಮುಖ ಮಾಡಿ ಕೂತಿದ್ದರು. ಅವಳು ಎದ್ದು ಹೋಗಿ ಅವರ ನಡುವೆ ಜಾಗ ಕೇಳಿದಳು. ಸಿದ್ದಲಿಂಗಮ್ಮ ಸ್ವಲ್ಪ ಸರಿದು, ಚಾಪೆಯ ಮೇಲೆ ಟೀಚರಿಗೆ ಜಾಗ ಬಿಟ್ಟಳು.